ಸಣ್ಣ ಮಿಗ್ ಮೆಷೀನು, ಹಳೇ ಎಂಜಿಬಿ, ತೆಳು ತಗಡು

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಹಳೇ ಕಾರಿನ ತುಕ್ಕು ತಗಡು ರಿಪೇರಿಗೆ ತಗೊಂಡ ಈ ಮಿಗ್ ವೆಲ್ಡಿಂಗ್ ಮೆಷೀನು (ತಂತಿ ತಾನೇ ಮುಂದೆ ಬಂದು ಕರಗಿ ತಗಡು ಕೂಡಿಸೋದು) ಚೆನ್ನಾಗಿದೆ, ತಗೊಳ್ಳಬಹುದು. ಅದರ ಜೊತೆ ಡಬ್ಬದಲ್ಲಿ ಬರೋ ಮಾಸ್ಕು, ಗ್ಯಾಸಿಲ್ಲದ ತಂತಿ, ಕರೆಂಟು ವಾಪಸ್ ಹೋಗೋಕೆ ತಗಡಿಗೆ ಕಚ್ಚಿಸೋ ಅರ್ತ್ ಕ್ಲಾಂಪು ಮೂರೂ ದಂಡ. ಅವಕ್ಕೆ ಬದಲಿ, ಗ್ಯಾಸ್ ಸಿಲಿಂಡರು, ಗ್ರೈಂಡರು ಎಲ್ಲ ಸೇರಿದ್ರೆ ಮೆಷೀನಿಗೆ ಕೊಟ್ಟಷ್ಟೇ ದುಡ್ಡು ಇನ್ನೊಂದು ಸಲ ಹೋಗುತ್ತೆ. ಆ ಲೆಕ್ಕ ಹಾಕ್ಕೊಂಡೇ ಹೊರಡಿ.

ಕಂಪನಿ ಹೆಸರು ಬರೆಯಲ್ಲ. ಬರೆದ್ರೂ ಉಪಯೋಗ ಅಷ್ಟಕ್ಕಷ್ಟೆ, ಯಾಕಂದ್ರೆ ಒಳಗಿನ ಸಾಮಾನು ಒಂದೇ ಇರೋ ಮೆಷೀನುಗಳು ಕೆಂಪು, ನೀಲಿ, ಹಳದಿ ಬಣ್ಣ ಬಳ್ಕೊಂಡು ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕೆ ಬರ್ತಾವೆ. ಏನು ನೋಡಿ ತಗೊಳ್ಬೇಕು ಅನ್ನೋದು ಗೊತ್ತಿದ್ರೆ ಸಾಕು. ನಂದು ಇನ್ವರ್ಟರ್ ಮಿಗ್. ಮುಂದೆ ದೊಡ್ಡ ಅಕ್ಷರದಲ್ಲಿ 180 ಆಂಪ್ ಅಂತ ಇದೆ. ಇಂಗ್ಲೆಂಡಿನ ಮನೆಯ 13 ಆಂಪ್ ಪ್ಲಗ್ಗಿಗೆ ಹಾಕಿದ್ರೆ ಅದು ಆಗದ ಮಾತು. 230 ವೋಲ್ಟಿಗೆ 13 ಆಂಪು ಗುಣಿಸಿದ್ರೆ ಸಿಗೋದು 3 ಕಿಲೋವಾಟ್ ಹತ್ರ, ಅಷ್ಟೇ. ಆದ್ರೆ ಕಾರಿನ ಬಾಡಿ ಕೆಲಸಕ್ಕೆ ಆ ಮೇಲಿನ ನಂಬರ್ ಕಟ್ಕೊಂಡು ಆಗ್ಬೇಕಾದ್ದೇನೂ ಇಲ್ಲ. ನೋಡ್ಬೇಕಾದ್ದು ಕೆಳಗಿನ ನಂಬರು: ಎಷ್ಟು ಕಮ್ಮಿಗೆ ಇಳಿಯುತ್ತೆ, ಇಳಿದ ಮೇಲೂ ಆರ್ಕ್, ಅಂದ್ರೆ ತಂತಿಯ ತುದಿಯಲ್ಲಿ ಉರಿಯೋ ವಿದ್ಯುತ್ ಜ್ವಾಲೆ, ಆರದೆ ನಿಲ್ಲುತ್ತಾ. ಇದು 30 ಆಂಪಿಗೆ ಇಳಿಯುತ್ತೆ, ನಿಲ್ಲುತ್ತೆ ಕೂಡ. ನಾನು ದುಡ್ಡು ಕೊಟ್ಟಿದ್ದು ಇದೊಂದಕ್ಕೇ ಅಂತ ಇಟ್ಕೊಳ್ಳಿ.

ನಾನು ಹಾಸನದವಳು, ಈಗ ಮನೆ ಕೊವೆಂಟ್ರಿಯಲ್ಲಿ, ಕೆಲಸ ಆಸ್ಪತ್ರೆಯ ಲ್ಯಾಬಲ್ಲಿ. ವೆಲ್ಡಿಂಗಿಗೂ ನನಗೂ ಇದ್ದ ನಂಟು ಅಂದ್ರೆ ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಶೆಡ್ ಇಟ್ಟಿರೋ ತಮ್ಮ. ಗೇಟು, ಗ್ರಿಲ್ಲು, ಶೆಡ್ಡಿನ ಟ್ರಸ್ಸು ಅವನ ಕಸುಬು. ಕಾರಿನ ತಗಡು ಎಷ್ಟು ದಪ್ಪ ಅಂತ ಕೇಳಿದ, 0.9 ಎಂಎಂ ಅಂದೆ. "ಅಕ್ಕಾ, ಅದಕ್ಕೆ ವೆಲ್ಡಿಂಗ್ ರಾಡ್ ಮುಟ್ಟಿಸ್ಲೇಬೇಡ, ತೂತು ಬೀಳುತ್ತೆ. ಸಿಓಟೂ ಮೆಷೀನ್ ತಗೋ" ಅಂದ. ಅವರ ಕಡೆ ಮಿಗ್‌ಗೆ ಸಿಓಟೂ ಅಂತಲೇ ಹೆಸರು. ಅವನ ಸಲಹೆ ಅರ್ಧ ಸರಿ, ಉಳಿದರ್ಧಕ್ಕೆ ಮುಂದೆ ಬರ್ತೀನಿ.

ಕಾರು 1977ರ ಎಂಜಿಬಿ ಜಿಟಿ. ಎಂಜಿ ತಗೊಂಡೆ ಅಂತ ಫೋನಲ್ಲಿ ಹೇಳಿದ್ರೆ ಚಿಕ್ಕಪ್ಪ "ಹೆಕ್ಟರ್ರೋ ಆಸ್ಟರ್ರೋ?" ಅಂತ ಕೇಳಿದ್ರು. ನಲವತ್ತು ದಾಟಿದ ಕಾರು ಅಂತ ವಿವರಿಸೋ ಹೊತ್ತಿಗೆ ಅವರ ಆಸಕ್ತಿ ಇಳಿದುಹೋಗಿತ್ತು. ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್‌ನಿಂದ ಬಂದ ಹೆಸರದು. ಎಂಜಿಬಿ ತಯಾರಾಗ್ತಿದ್ದದ್ದು ಅಲ್ಲೇ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ, 1962ರಿಂದ 1980ರ ತನಕ. 5 ಲಕ್ಷಕ್ಕೂ ಮೇಲೆ ಮಾಡಿದ್ರು. ಮೊದಲು ಮೇಲ್ಛಾವಣಿ ಮಡಚೋ ಎರಡು ಸೀಟಿನ ಗಾಡಿ. 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಬಂತು, ಆ ಛಾವಣಿಯ ಗೆರೆಯಲ್ಲಿ ಇಟಲಿಯ ಪಿನಿನ್‌ಫರೀನಾದವರ ಕೈ ಇದೆ. 1798 ಸಿಸಿ ಎಂಜಿನ್ನು, ಎರಡು ಎಸ್‌ಯು ಕಾರ್ಬ್ಯುರೇಟರು. 1974ರ ಕೊನೆಯಿಂದ ಅಮೆರಿಕದ ನಿಯಮಕ್ಕಾಗಿ ಕ್ರೋಮ್ ಬಂಪರ್ ತೆಗೆದು ಕಪ್ಪು ರಬ್ಬರಿನ ದಪ್ಪ ಬಂಪರ್ ಹಾಕಿದ್ರು. ಅದರಿಂದ ಅಂದಗೆಟ್ಟಿತು ಅಂತ ಎಲ್ಲರೂ ಬೈತಾರೆ. ಬೈಗುಳದಿಂದಲೇ ರೇಟು ಇಳಿದಿದೆ, ನನ್ನಂಥವರ ಕೈಗೆ ಎಟುಕಿದೆ.

ಈ ಕಾರಿಗೆ ಬಿಡಿಭಾಗದ ಬರ ಇಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಕಾರ್ಖಾನೆಯ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಕೊಡ್ತಿದ್ದಾರೆ. ಸಣ್ಣ ಪಟ್ಟಿಯಿಂದ ಹಿಡಿದು ಪೂರ್ತಿ ಫ್ಲೋರ್ ತನಕ ಬೇಕಾದ ತುಂಡು ಅಂಚೆಯಲ್ಲಿ ಬರುತ್ತೆ. ಸಿಗದೇ ಇರೋದು ಅಂದ್ರೆ ತುಕ್ಕು ಹಿಡಿಯದ ಎಂಜಿಬಿ.

ಮೆಷೀನು ಯಾಕೆ ಬೇಕಾಯ್ತು ಅನ್ನೋದು ಅರ್ಥ ಆಗ್ಬೇಕಾದ್ರೆ ಸಿಲ್ ಬಗ್ಗೆ ಹೇಳ್ಬೇಕು. ಇದಕ್ಕೆ ಬೇರೆ ಛಾಸಿ ಇಲ್ಲ, ಬಾಡಿಯೇ ಛಾಸಿ. ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಹೋಗೋ ಭಾಗ ಇದೆಯಲ್ಲ, ನಮ್ಮ ಕಡೆ ಟಿಂಕರ್‌ಗಳು ರನ್ನಿಂಗ್ ಬೋರ್ಡ್ ಅನ್ನೋದು, ಅದೇ ಸಿಲ್. ಕಾರಿನ ಬೆನ್ನುಮೂಳೆ ಇರೋದೇ ಅಲ್ಲಿ. ಹೊರಗೊಂದು ತಗಡು, ಒಳಗೊಂದು ತಗಡು, ಮಧ್ಯೆ ನೆಟ್ಟಗೆ ನಿಲ್ಲೋ ಇನ್ನೊಂದು, ಕೆಳಗಡೆ ಫ್ಲೋರಿಗೆ ಸೇರೋ ಕ್ಯಾಸಲ್ ರೈಲ್. ಮಳೆ ನೀರು, ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು, ಎರಡೂ ಒಳಗೆ ಸೇರಿ ಅಲ್ಲೇ ಕೂರ್ತಾವೆ. ಹೊರಗಿನ ಸಿಲ್ ಮುಂದಿನ ವಿಂಗ್ (ಚಕ್ರದ ಮೇಲಿನ ಮಡ್‌ಗಾರ್ಡ್ ತಗಡು) ಹಿಂದಕ್ಕೂ ಹಿಂದಿನ ವಿಂಗ್ ಒಳಕ್ಕೂ ಹೋಗಿರುತ್ತೆ. ಮುಂದಿನದು ಬೋಲ್ಟಿನದು, ಬಿಚ್ಚಬಹುದು. ಹಿಂದಿನದರ ಕೆಳಭಾಗ ಕೊಯ್ದೇ ತೆಗೀಬೇಕು. ಅದಕ್ಕೆ ಮೈಬಗ್ಗಿಸದವರು ಹಳೇ ಸಿಲ್ ಮೇಲೇ ತೆಳು ಕವರ್ ಸಿಲ್ ಅಂಟಿಸಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಮಾರ್ತಾರೆ. ನನ್ನ ಕಾರಿಗೂ ಹಾಗೇ ಮಾಡಿದ್ರು. ಮ್ಯಾಗ್ನೆಟ್ ಹಿಡಿದ್ರೆ ಅರ್ಧ ಕಡೆ ಅಂಟ್ತಾನೇ ಇರ್ಲಿಲ್ಲ. ಕವರ್ ಕೊಯ್ದಾಗ ಒಳಗಿನ ಹಳೇ ತಗಡು ಕೈಯಲ್ಲಿ ಪುಡಿಪುಡಿಯಾಗಿ ಉದುರಿತು.

ಗ್ಯಾರೇಜಿನವರು ಎರಡೂ ಕಡೆ ಸಿಲ್ ಹಾಕೋಕೆ ಹೇಳಿದ ಮೊತ್ತ ಕಾರಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಇತ್ತು. ಅವರನ್ನ ದೂರಲ್ಲ, ಅಷ್ಟು ಗಂಟೆಯ ಕೆಲಸ ಅದು. ಊರಿನ ಕಾಲೇಜಿನಲ್ಲಿ ಸಂಜೆ ವೆಲ್ಡಿಂಗ್ ತರಗತಿ ಇತ್ತು, ಸೇರಿದೆ. ಅಲ್ಲಿ ಕಲಿಸಿದ್ದು 3 ಎಂಎಂ ಪ್ಲೇಟಿನ ಮೇಲೆ, ದೊಡ್ಡ ಮೆಷೀನಲ್ಲಿ. ಪ್ಲೇಟಿನ ಮೇಲೆ ಎಂಥವರ ಗೆರೆಯೂ ಚೆನ್ನಾಗಿ ಬರುತ್ತೆ. ಮನೆಗೆ ಬಂದು ಕಾರಿನ ತಗಡಿಗೆ ಹಾಗೇ ಉದ್ದಕ್ಕೆ ಎಳೆಯೋಕಾಗಲ್ಲ. ಆ ಕೆಲಸಾನೇ ಬೇರೆ.

ಈಗ ಮೆಷೀನು. ಮುಂದೆ ಎರಡು ನಾಬ್, ಒಂದು ವೋಲ್ಟೇಜು, ಇನ್ನೊಂದು ತಂತಿ ಎಷ್ಟು ಜೋರಾಗಿ ಬರಬೇಕು ಅನ್ನೋದು. ಎರಡೂ ನುಣ್ಣಗೆ ತಿರುಗ್ತಾವೆ, ಮೆಟ್ಟಿಲಿಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಮೆಷೀನುಗಳಲ್ಲಿ ನಾಲ್ಕೋ ಆರೋ ಮೆಟ್ಟಿಲಿನ ಸ್ವಿಚ್ಚು ಇರುತ್ತೆ; ಒಂದರಲ್ಲಿ ತಗಡಿಗೆ ಅಂಟಲ್ಲ, ಮುಂದಿನದರಲ್ಲಿ ತೂತು. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಅದರ ಹಿಂದೆ ಬೀಳಬೇಡಿ. ಮುಚ್ಚಳದ ಒಳಗೆ ಅಂಟಿಸಿರೋ ಚಾರ್ಟು 0.8 ಎಂಎಂ ತಂತಿಗೆ ಬರೆದದ್ದು, ಅದನ್ನ ಮರೆತುಬಿಡಿ. ಬಾಡಿ ಕೆಲಸಕ್ಕೆ 0.6 ತಂತಿ. ತಂತಿ ತೆಳುವಾದಷ್ಟೂ ಕಮ್ಮಿ ಶಾಖದಲ್ಲಿ ಕರಗುತ್ತೆ.

ಸೆಟ್ಟಿಂಗ್ ಸರಿ ಇದೆಯಾ ಅಂತ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ. ಬಿಸಿ ಎಣ್ಣೆಗೆ ಬೋಂಡಾ ಬಿಟ್ಟಾಗ ಒಂದೇ ಸಮನೆ ಸುರ್ ಅನ್ನೋ ಸದ್ದು ಬರುತ್ತಲ್ಲ, ಹಾಗೆ ಬಂದ್ರೆ ಸರಿ. ಬಿಟ್ಟು ಬಿಟ್ಟು ಪಟ್ ಪಟ್ ಅಂತ ತಂತಿ ಕೈಯಲ್ಲಿ ಹಿಡಿಯೋ ಟಾರ್ಚನ್ನೇ ಹಿಂದಕ್ಕೆ ತಳ್ಳಿದ ಹಾಗಾದ್ರೆ ತಂತಿ ಜಾಸ್ತಿ ಬರ್ತಿದೆ ಅಂತ. ತುದಿಯಲ್ಲಿ ಗುಂಡು ಕಟ್ಕೊಂಡು, ತಂತಿ ಹೊರಬರೋ ಟಾರ್ಚಿನ ಟಿಪ್ಪಿಗೇ ಅಂಟಿದ್ರೆ ತಂತಿ ಸಾಲದು. ಕಾರಿಗೆ ಮುಟ್ಟಿಸೋ ಮುಂಚೆ ಅಷ್ಟೇ ದಪ್ಪದ ಚೂರು ತಗಡಿನ ಮೇಲೆ ಈ ಸದ್ದು ಬರೋ ತನಕ ತಿರುಗಿಸ್ತಾ ಇರಿ. ನನ್ನ ಮೆಷೀನಲ್ಲಿ ಆ ಜಾಗಗಳಿಗೆ ಬಿಳಿ ಪೇಂಟಲ್ಲಿ ಚುಕ್ಕಿ ಇಟ್ಟಿದ್ದೀನಿ, ಹೊರಗಿನ ತಗಡಿಗೊಂದು, 1.2 ಎಂಎಂ ಸಿಲ್ಲಿಗೊಂದು.

ಡಬ್ಬದ ಮೇಲೆ "ಗ್ಯಾಸ್ ಬೇಡ" ಅಂತ ಹೊಗಳ್ಕೊಂಡಿದ್ದಾರೆ. ಅದು ಒಳಗೆ ಫ್ಲಕ್ಸ್, ಅಂದ್ರೆ ಉರಿದು ಗ್ಯಾಸಿನ ಕೆಲಸ ಮಾಡೋ ಪುಡಿ, ತುಂಬಿದ ತಂತಿ. ಬೇಲಿ ಕಂಬಕ್ಕೋ, ಗಾಳಿ ಬೀಸೋ ಬಯಲಲ್ಲಿ ಟ್ರೇಲರಿಗೋ ಸರಿ. ತೆಳು ತಗಡಿಗೆ ಶಾಖ ಜಾಸ್ತಿ, ಕಿಡಿ ಜಾಸ್ತಿ, ಮೇಲೆ ಕಟ್ಟೋ ಗಟ್ಟಿ ಚಿಪ್ಪು, ಸ್ಲ್ಯಾಗು, ಕೆರೀಬೇಕು. ನಾನು ಒಂದು ಚೂರಿನ ಮೇಲೆ ನೋಡಿ, ಸ್ಪೂಲ್ ತೆಗೆದಿಟ್ಟೆ. ಗ್ಯಾಸಿಗೆ ಬದಲಾಯಿಸೋವಾಗ ಒಳಗಿನ ಎರಡು ಕನೆಕ್ಷನ್ ಅದಲುಬದಲು ಮಾಡೋದು ಮರೀಬೇಡಿ: ಫ್ಲಕ್ಸ್ ತಂತಿಗೆ ಟಾರ್ಚು ನೆಗೆಟಿವ್, ಗ್ಯಾಸಿನ ತಂತಿಗೆ ಪಾಸಿಟಿವ್. ಮ್ಯಾನುಯಲ್ಲಿನಲ್ಲಿ ಇದು ಹದಿನೆಂಟನೇ ಪುಟದ ಮೂಲೆಯಲ್ಲಿ ಅಡಗಿ ಕೂತಿದೆ. ಮೊದಲ ಪುಟದಲ್ಲಿ ಇರಬೇಕಾದ ಮಾತು.

ತಮ್ಮನ ಸಲಹೆಯ ಉಳಿದರ್ಧ ಇಲ್ಲಿ ಬರುತ್ತೆ. ಅವರ ಶೆಡ್ಡಲ್ಲಿ ಬರೀ ಸಿಓಟೂ ಸಿಲಿಂಡರು, ಅಗ್ಗ, ಆಳಕ್ಕೆ ಕರಗಿಸುತ್ತೆ. ಗೇಟಿಗೆ ಅದೇ ಬೇಕು. ನನಗೆ ಆಳ ಬೇಡ. 95 ಭಾಗ ಆರ್ಗಾನ್, 5 ಭಾಗ ಸಿಓಟೂ ಇರೋ ಮಿಶ್ರಣ ಹಾಕಿದೆ, ಆರ್ಕ್ ಮೆತ್ತಗಾಯ್ತು, ಕಿಡಿ ಕಮ್ಮಿಯಾಯ್ತು. ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ಅಂಗಡಿಯಲ್ಲಿ ಸಿಗೋ ಬಿಸಾಡೋ ಸಣ್ಣ ಬಾಟಲಿ ಮಾತ್ರ ತಗೊಳ್ಬೇಡಿ. 110 ಲೀಟರ್ ಗ್ಯಾಸಿನ ಬಾಟಲಿ ನಿಮಿಷಕ್ಕೆ 8 ಲೀಟರಿನಂತೆ ಕಾಲು ಗಂಟೆಯೂ ಬರಲ್ಲ. ಡಿಪಾಸಿಟ್ ಕಟ್ಟಿ, ಬಾಡಿಗೆ ಇಲ್ಲದೆ, ಖಾಲಿಯಾದಾಗ ತುಂಬಿದ್ದು ಕೊಡೋ ಸಿಲಿಂಡರ್‌ಗಳು ಈ ದೇಶದಲ್ಲಿ ಸಿಗ್ತಾವೆ, ಅದನ್ನೇ ಹಿಡೀರಿ.

ಕೆಲಸ ಹೇಗೆ ನಡೆಯುತ್ತೆ ಅಂದ್ರೆ, ಎರಡು ತಗಡಿನ ಅಂಚು ಎದುರುಬದುರು ಇಟ್ಟು, ಮಧ್ಯೆ ತಂತಿಯ ದಪ್ಪದಷ್ಟು ಸಂದಿ ಬಿಟ್ಟು, ಒಂದಿಂಚಿಗೊಂದು ಟ್ಯಾಕ್, ಅಂದ್ರೆ ಸಣ್ಣ ವೆಲ್ಡ್ ಚುಕ್ಕಿ, ಹೊಡೀಬೇಕು. ಟ್ರಿಗರ್ ಒತ್ತಿ ಒಂದು ಸೆಕೆಂಡು, ಬಿಡು. ಮಾಸ್ಕಿನ ಒಳಗಿಂದ ನೋಡ್ತಿದ್ರೆ ಚುಕ್ಕಿ ಬೆಳ್ಳಗೆ, ಆಮೇಲೆ ಕಿತ್ತಳೆ, ಆಮೇಲೆ ಮಂಕು ಕೆಂಪಾಗಿ ಆರುತ್ತೆ. ಆ ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಹಾಕೋ ಆಸೆ ಬರುತ್ತೆ. ಹಾಕಬಾರದು. ಅರ್ಧ ಅಡಿ ಆಚೆ ಹೋಗಿ ಅಲ್ಲೊಂದು, ಮತ್ತೆ ಈ ಕೊನೆಗೆ ಬಂದು ಇಲ್ಲೊಂದು. ಕೈ ಇಟ್ರೆ ತಡೆಯೋಷ್ಟು ಆರಿರಬೇಕು. ಅವಸರ ಮಾಡಿದ್ರೆ ತಗಡು ಸೊಟ್ಟಗಾಗುತ್ತೆ, ಮತ್ತೆ ನೆಟ್ಟಗಾಗಲ್ಲ. ಹಿಂದುಗಡೆ ಒಂದು ತಾಮ್ರದ ಪಟ್ಟಿ ಒತ್ತಿ ಹಿಡಿದ್ರೆ ಶಾಖ ಅದು ಕುಡಿಯುತ್ತೆ, ತೂತು ಬೀಳೋದು ತಪ್ಪುತ್ತೆ; ಕಬ್ಬಿಣ ತಾಮ್ರಕ್ಕೆ ಅಂಟಲ್ಲ. ನಾನು ಹಳೇ ನೀರಿನ ಪೈಪು ಚಪ್ಪಟೆ ಮಾಡ್ಕೊಂಡೆ.

ಕಾರ್ಖಾನೆಯಲ್ಲಿ ಎರಡು ತಗಡು ಒತ್ತಿ ಚುಕ್ಕಿ ಚುಕ್ಕಿಯಾಗಿ ಸ್ಪಾಟ್ ವೆಲ್ಡ್ ಹಾಕಿದ್ದ ಕಡೆ ಪ್ಲಗ್ ವೆಲ್ಡ್. ಮೇಲಿನ ತಗಡಿಗೆ 8 ಎಂಎಂ ತೂತು ಕೊರೆದು, ಕೆಳಗಿನದಕ್ಕೆ ಒತ್ತಿ ಬಿಗಿದು, ತೂತಿನ ನಡುವೆ ಶುರುಮಾಡಿ ಸುತ್ತ ಒಂದು ಸುತ್ತು ತುಂಬಬೇಕು. ನೋಡೋಕೆ ಚೆಂದ ಇದ್ದು ಒಳಗೆ ಅಂಟದೇ ಇರೋದೂ ಉಂಟು. ತಮ್ಮ ಒಂದು ಪರೀಕ್ಷೆ ಹೇಳಿಕೊಟ್ಟ: ಚೂರಿನ ಮೇಲೆ ಹಾಕಿ, ವೈಸಿಗೆ ಕಚ್ಚಿಸಿ, ಉಳಿ ಸುತ್ತಿಗೆಯಿಂದ ಬಿಡಿಸು. ವೆಲ್ಡ್ ಕಿತ್ಕೊಂಡು ಬಂದ್ರೆ ಸುಳ್ಳು. ಕೆಳಗಿನ ತಗಡೇ ಹರಿದು ವೆಲ್ಡ್ ಜೊತೆ ಬಂದ್ರೆ ನಿಜ. ನನ್ನವು ಹರ್ಕೊಂಡು ಬರೋಕೆ ಶುರುವಾದ ಮೇಲೆ ವಿಡಿಯೋ ಕಾಲಲ್ಲಿ ತೋರಿಸಿದೆ. "ಪರವಾಗಿಲ್ಲ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಸಿಲ್ ಕೊಯ್ಯೋವಾಗ ಬಾಗಿಲು ಬಿಚ್ಚಿಡಬೇಡಿ. ಬಾಗಿಲು ಹಾಕಿಕೊಂಡೇ, ಸುತ್ತಲಿನ ಸಂದಿ ನೋಡ್ಕೊಂಡೇ ವೆಲ್ಡ್ ಮಾಡ್ಬೇಕು, ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಕು. ಜಿಟಿಗೆ ಛಾವಣಿಯ ಆಸರೆ ಇದೆ. ಛಾವಣಿ ಇಲ್ಲದ ರೋಡ್‌ಸ್ಟರ್ ಆದ್ರೆ ಬಾಗಿಲ ಕಂಡಿಗೆ ಅಡ್ಡ ಕಂಬಿ ಬಿಗೀದೆ ಮುಟ್ಟಲೇಬೇಡಿ, ಬಾಡಿ ಮಧ್ಯಕ್ಕೆ ಬಗ್ಗಿದ್ರೆ ಆಮೇಲೆ ಬಾಗಿಲು ಹಾಕೋಕೇ ಆಗಲ್ಲ.

ತಂತಿ ತಳ್ಳೋ ಭಾಗ ಪ್ಲಾಸ್ಟಿಕ್ಕು. ಇದೇ ಈ ಮೆಷೀನಿನ ದೊಡ್ಡ ಕೊರತೆ. ರೋಲರಿನ ಮೇಲಿನ ಒತ್ತಡ ಸ್ವಲ್ಪ ಜಾಸ್ತಿಯಾದ್ರೆ ಆ ಪ್ಲಾಸ್ಟಿಕ್ ತೋಳು ಬಾಗುತ್ತೆ, ತಂತಿ ರೋಲರಿನ ಗೀರಿನಿಂದ ಜಾರಿ ಒಳಗೇ ಸಿಕ್ಕುಹಾಕ್ಕೊಂಡು ಗೂಡು ಕಟ್ಟುತ್ತೆ. 0.6 ತಂತಿಗೆ ಅದರದೇ ಗೀರು ಇರೋ ರೋಲರು, ಅದರದೇ ಟಿಪ್ಪು ಹಾಕಿ, ಟಾರ್ಚಿನ ಕೇಬಲ್ ಸುರುಳಿ ಸುತ್ತದೆ ನೆಟ್ಟಗೆ ಬಿಟ್ರೆ ಕಾಟ ಕಮ್ಮಿ. ಸಮಾಧಾನ ಏನಂದ್ರೆ ಟಾರ್ಚು ಬಿಚ್ಚಿ ಬದಲಾಯಿಸಬಹುದಾದ ಯೂರೋ ಕನೆಕ್ಟರಿನದು, ಎಂಬಿ15 ಮಾದರಿ. ಟಿಪ್ಪು, ನಾಝಲ್ಲು, ತಂತಿ ಓಡೋ ಒಳಗಿನ ಕೊಳವೆ (ಲೈನರು) ಎಲ್ಲ ಅಂಗಡಿಯಲ್ಲೂ ಸಿಗ್ತಾವೆ. ಟಾರ್ಚು ಮೆಷೀನಿಗೇ ಅಂಟ್ಕೊಂಡಿರೋ ಮಾಡೆಲ್ ಎಷ್ಟು ಅಗ್ಗಕ್ಕೆ ಬಂದ್ರೂ ಬೇಡ.

ಅರ್ತ್ ಕ್ಲಾಂಪಿನ ಸ್ಪ್ರಿಂಗು ಸಡಿಲ, ತಗಡು ತೆಳು. ಅರ್ತ್ ಸರಿ ಇಲ್ಲದಿದ್ರೆ ಯಾವ ಸೆಟ್ಟಿಂಗೂ ನಿಲ್ಲಲ್ಲ, ಮೆಷೀನನ್ನ ಬೈತೀರ. ಹಿತ್ತಾಳೆಯ ಗಟ್ಟಿ ಕ್ಲಾಂಪು ಹಾಕಿ, ಕಚ್ಚಿಸೋ ಜಾಗ ಬೆಳ್ಳಗೆ ಹೊಳೆಯೋ ಹಾಗೆ ಉಜ್ಜಿ. ಜೊತೆಗೆ ಬಂದ ಮಾಸ್ಕು ಕೈಯಲ್ಲಿ ಹಿಡಿಯೋ ಪ್ಲಾಸ್ಟಿಕ್ ಹಲಗೆ. ಒಂದು ಕೈ ಅದಕ್ಕೇ ಹೋದ್ರೆ ತೆಳು ತಗಡಿನ ಕೆಲಸ ಮಾಡೋದು ಯಾವ ಕೈಯಲ್ಲಿ? ತಾನೇ ಕಪ್ಪಾಗೋ ಹೆಲ್ಮೆಟ್ಟು ತಗೊಳ್ಳಿ, ಇಂಥ ಗಾಜಿನ ಗುಣಮಟ್ಟದ ಇಎನ್ 379 ಗುರುತು ಇರೋದು, ಕಪ್ಪಿನ ಮಟ್ಟ 9ರಿಂದ 13ರ ತನಕ ಬದಲಾಯಿಸಬಹುದಾದ್ದು. ಕತ್ತಿನ ಹತ್ರ ಗುಂಡಿ ಹಾಕಿ, ಆರ್ಕಿನ ಬೆಳಕಿಗೆ ಚರ್ಮ ಸುಡುತ್ತೆ.

ಹೊಗೆಯ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡೋಳು, ಲ್ಯಾಬಿನ ಬುದ್ಧಿ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದೆ. 2019ರಲ್ಲಿ ಬ್ರಿಟನ್ನಿನ ಸುರಕ್ಷತಾ ಇಲಾಖೆ ಸಾದಾ ಕಬ್ಬಿಣದ ವೆಲ್ಡಿಂಗಿಗೂ ಒಳಾಂಗಣದಲ್ಲಿ ಹೊಗೆ ಎಳೆಯೋ ವ್ಯವಸ್ಥೆ ಇರಲೇಬೇಕು ಅಂತ ಕೆಲಸದ ಜಾಗಗಳಿಗೆ ಹೇಳಿತು. ಮನೆಯ ಗ್ಯಾರೇಜಿಗೆ ಇನ್ಸ್‌ಪೆಕ್ಟರ್ ಬರಲ್ಲ, ಆದ್ರೆ ಶ್ವಾಸಕೋಶ ಅದೇ ತಾನೇ. ಬಾಗಿಲು ತೆಗೆದು, ಹೆಲ್ಮೆಟ್ಟಿನ ಒಳಗೆ ಸಣ್ಣ ಕಣಗಳನ್ನ ತಡೆಯೋ ಪಿ3 ಫಿಲ್ಟರಿನ ಮಾಸ್ಕು ಮೂಗು ಬಾಯಿಗೆ ಹಾಕ್ತೀನಿ. ಇನ್ನೊಂದು ಮುಖ್ಯ: ಕ್ಲೋರಿನ್ ಇರೋ ಬ್ರೇಕ್ ಕ್ಲೀನರಲ್ಲಿ ತಗಡು ಒರೆಸಿ ವೆಲ್ಡ್ ಮಾಡ್ಬೇಡಿ, ಆರ್ಕಿನ ಶಾಖಕ್ಕೆ, ಬೆಳಕಿಗೆ ಅದು ಫಾಸ್ಜೀನ್ ಆಗುತ್ತೆ. ಯುದ್ಧದಲ್ಲಿ ಬಳಸಿದ ವಿಷಾನಿಲ ಅದು.

ಬೆಂಕಿ ಬಗ್ಗೆ ಬೇರೆ ಹೇಳ್ಬೇಕಾಗಿಲ್ಲ ಅನ್ಕೋತೀನಿ. ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಿ ಮನೆಯಿಂದ ದೂರ ಇಡಿ, ಬ್ಯಾಟರಿ ತೆಗೀರಿ, ಆಲ್ಟರ್ನೇಟರ್ ವೈರ್ ಕಳಚಿ, ಕೆಳಗೆ ಬಳಿದಿರೋ ಟಾರು, ಮೇಣ ಕೆರೀರಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ.

ಕಾನೂನಿನ ಮಾತು ಒಂದೆರಡು. 2018ರ ಮೇನಿಂದ ಇಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರಿಗೆ ಎಂಒಟಿ, ಅಂದ್ರೆ ವರ್ಷಕ್ಕೊಮ್ಮೆ ಮಾಡೋ ಫಿಟ್‌ನೆಸ್ ಪರೀಕ್ಷೆ, ಕಡ್ಡಾಯ ಅಲ್ಲ. ಆದ್ರೂ ನಾನು ಮಾಡಿಸ್ತೀನಿ. ಭಾರ ಹೊರೋ ಜಾಗದಲ್ಲಿ ಹಾಕಿದ ತಗಡಿನ ತೇಪೆಗೆ ಸುತ್ತ ಬಿಡದೆ ವೆಲ್ಡ್ ಇರಬೇಕು ಅನ್ನೋದು ಅವರ ನಿಯಮ, ಬರೀ ಚುಕ್ಕಿ ಚುಕ್ಕಿ ವೆಲ್ಡ್ ಹಾಕಿ ಪುಟ್ಟಿ ಮೆತ್ತಿದ್ರೆ ಒಪ್ಪಲ್ಲ. ತೆಳು ತಗಡಿನ ಕೆಲಸ ನಾನು ನಾನಾಗೇ ಕಲಿತದ್ದು. ಇನ್ನೊಬ್ಬರ ಕಣ್ಣು ಕೆಳಗಿಂದ ನೋಡ್ಲಿ.

ಮಾರಿದವರ ಬಗ್ಗೆ: ರೆಗ್ಯುಲೇಟರಿನ ಜೋಡಣೆಯಲ್ಲಿ ಗ್ಯಾಸ್ ಸೋರ್ತಿತ್ತು, ಸೋಪ್ ನೀರು ಹಾಕಿದ್ರೆ ಗುಳ್ಳೆ. ಮೇಲ್ ಬರೆದ್ರೆ "ಟೈಟ್ ಮಾಡಿ" ಅಂತ ಒಂದೇ ಸಾಲಿನ ಉತ್ತರ. ಆಮೇಲೆ ವಿಡಿಯೋ ಕಳಿಸಿದ ಮೇಲೆ ಹೊಸದು ಕಳಿಸಿದ್ರು. ಹಳೇದು ವಾಪಸ್ ಕೇಳ್ಲಿಲ್ಲ. ಹತ್ತಕ್ಕೆ ಆರು.

ಅಲ್ಯೂಮಿನಿಯಮ್ಮೂ ಆಗುತ್ತೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ, ನಂಬಬೇಡಿ. ಅದಕ್ಕೆ ಶುದ್ಧ ಆರ್ಗಾನ್, ಟೆಫ್ಲಾನ್ ಲೈನರು ಬೇಕು, ಆ ಮೆತ್ತನೆ ತಂತಿಯನ್ನ ಈ ಪ್ಲಾಸ್ಟಿಕ್ ರೋಲರ್ ತಳ್ಳೋದು ಕನಸು. ಹಳೇ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಮ್, ಅಂಥದ್ದು ಸೀಳಿದ್ರೆ ಟಿಗ್ (ಅಲ್ಯೂಮಿನಿಯಮ್ಮಿಗೆ ಒಗ್ಗೋ ಬೇರೆ ಬಗೆಯ ವೆಲ್ಡಿಂಗ್ ಮೆಷೀನು) ಇರೋರ ಹತ್ರ ಕೊಡಿ. ನಂದು ಕಬ್ಬಿಣದ್ದು, ಬಚಾವ್.

ರಾಡ್ ವೆಲ್ಡಿಂಗಿಗೂ ಒಂದು ಸ್ವಿಚ್ಚಿದೆ, ಹೋಲ್ಡರ್ ಡಬ್ಬದಲ್ಲೇ ಬರುತ್ತೆ. 2.5 ಎಂಎಂ ರಾಡ್ ಹಾಕಿ ಹಿತ್ತಲ ಗೇಟಿನ ಮುರಿದ ಹಿಂಜು ಕೂಡಿಸಿದೆ, ಸಲೀಸಾಗಿ ಓಡ್ತು. ಫೋಟೋ ನೋಡಿ ತಮ್ಮ ಕೇಳಿದ: "ಅಕ್ಕಾ, ಇಷ್ಟು ಸಣ್ಣ ಡಬ್ಬ ನಾವೇ ಹೆಗಲಿಗೆ ಹಾಕ್ಕೊಂಡು ಸೈಟಿಗೆ ಹೋಗಬಹುದಲ್ಲ, ತೂಕ ಎಷ್ಟು?" ಸ್ಪೂಲ್ ಸೇರಿ ಹದಿಮೂರು ಕೆಜಿ ಕಣೋ, ಹೆಗಲಿಗೆ ಭಾರವೇ, ಆದ್ರೆ ಸ್ಕೂಟರಿನ ಮುಂದೆ ಕೂರುತ್ತೆ ಅಂದೆ.